ಬಿಸಿ ಆದ್ರೆ ನಿಲ್ಲೋ ಓಮ್ನಿ, ಅರ್ಧ ಗಂಟೆಲಿ ತಾನೇ ವಾಸಿ ಆಗೋ ಕಾಯಿಲೆ

ಚಾರ್ಮಾಡಿ ಘಾಟಿ ಹತ್ತುವಾಗ ನಮ್ಮ ಓಮ್ನಿ ಮೊದಲ ಸಲ ನಿಂತಾಗ ಅದನ್ನ ಒಂದು ರಿಪೇರಿ ಅಂತಾನೇ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಉಜಿರೆಲಿ ಫುಲ್ ಟ್ಯಾಂಕ್ ಹಾಕಿಸ್ಕೊಂಡು ಹೊರಟಿದ್ವಿ, ಮೊದಲ ತಿರುವುಗಳನ್ನೆಲ್ಲ ಚೆನ್ನಾಗೇ ಹತ್ತಿತು, ಆಮೇಲೆ ಪಿಕಪ್ ಹೋಯ್ತು, ಆಕ್ಸಿಲರೇಟರ್ ಒತ್ತಿದಷ್ಟೂ ಜರ್ಕ್ ಹೊಡ್ದು ಹೊಡ್ದು ಆಫ್ ಆಯ್ತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಅಮ್ಮನ್ನ ರಸ್ತೆ ಬದಿ ಕಟ್ಟೆ ಮೇಲೆ ಕೂರಿಸಿ, ಸೆಲ್ಫ್ ಹೊಡ್ದು ಹೊಡ್ದು ಸಾಕಾಗಿ ಸುಮ್ನೆ ಕಾದ್ವಿ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ಕೊಟ್ಟಿಗೆಹಾರದ ನೀರುದೋಸೆ ಹೋಟ್ಲವರೆಗೂ ಏನೂ ತಕರಾರಿಲ್ದೆ ಬಂತು.

ಆಮೇಲೆ ಒಂದು ವರ್ಷದಲ್ಲಿ ಹೀಗೇ ಐದು ಸಲ ಆಯ್ತು. ಗ್ಯಾರೇಜಿಗೆ ತಗೊಂಡು ಹೋದಾಗ ಗಾಡಿ ಸರಿಯಾಗೇ ಇರತ್ತೆ, ಡಾಕ್ಟರ್ ಹತ್ರ ಹೋದ ತಕ್ಷಣ ಮಗು ಜ್ವರ ಇಳಿಯೋ ಹಾಗೆ. ಬಿಸಿ ಆದಾಗ ನಿಂತು, ಕಾದ್ರೆ ಸರಿ ಹೋಗೋ ಕಾಯಿಲೆಗೆ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ) ಇರೋ ಹಳೇ ಗಾಡಿಗಳಲ್ಲಿ ಮುಖ್ಯವಾಗಿ ಮೂರು ಕಾರಣ ಇರಬಹುದು, ಮೂರೂ ಕಾಯೋದ್ರಿಂದಲೇ ವಾಸಿ ಆಗತ್ತೆ. ಹಂಗಾಗಿ "ಅರ್ಧ ಗಂಟೆ ಬಿಟ್ಟಾಗ ಸ್ಟಾರ್ಟ್ ಆಯ್ತು" ಅನ್ನೋ ಮಾತಿಂದ ಯಾವ ಕಾರಣ ಅಂತ ಒಂಚೂರೂ ಗೊತ್ತಾಗಲ್ಲ. ನೋಡೋದಿದ್ರೆ ನಿಂತ ಮೊದಲ ಐದು ನಿಮಿಷದಲ್ಲೇ ನೋಡ್ಬೇಕು. ಇದನ್ನ ತಿಳ್ಕೊಳ್ಳೋಕೆ ನನಗೆ ಒಂದು ವರ್ಷ ಬೇಕಾಯ್ತು, ಮೂರು ಪಾರ್ಟ್ ಕೂಡ ಸುಮ್ನೆ ಬದಲಾಯಿಸಿದ್ದಾಯ್ತು.

ಓಮ್ನಿ ಗೊತ್ತಿಲ್ದೋರು ನಮ್ಮ ಕಡೆ ಯಾರೂ ಇಲ್ಲ ಬಿಡಿ. 1984ರಲ್ಲಿ ಮಾರುತಿ ವ್ಯಾನ್ ಅನ್ನೋ ಹೆಸರಲ್ಲಿ ಬಂದು, ಆಮೇಲೆ ಓಮ್ನಿ ಆಗಿ, 2019ರವರೆಗೂ ತಯಾರಾಗ್ತಿತ್ತು. 796 ಸಿಸಿ, ಮೂರು ಸಿಲಿಂಡರ್, ಇಂಜಿನ್ ಮುಂದಿನ ಸೀಟಿನ ಅಡಿಲಿ. ಸೀಟ್ ಎತ್ತಿದ್ರೆ ಎಲ್ಲಾ ಕಣ್ಣಿಗೆ ಕಾಣತ್ತೆ, ಕೈಗೆ ಸಿಗತ್ತೆ, ಮನೇಲಿ ಸರ್ವಿಸ್ ಮಾಡೋರಿಗೆ ಇಷ್ಟು ಅನುಕೂಲದ ಗಾಡಿ ಕಮ್ಮಿ. ನಮ್ಮದು ಕಾರ್ಬುರೇಟರ್ ಇರೋ ಹಳೇದು. ಅದರಲ್ಲಿ ಪೆಟ್ರೋಲ್ ಪಂಪಿಗೆ ಕರೆಂಟ್ ಇಲ್ಲ, ಇಂಜಿನ್ ಮೈಗೇ ಅಂಟ್ಕೊಂಡಿರತ್ತೆ, ಕ್ಯಾಮ್ ಶಾಫ್ಟ್ ತಿರುಗಿದ ಹಾಗೆ ಒಂದು ಸಣ್ಣ ಲಿವರ್ ಒತ್ತಿ ಒಳಗಿನ ಡಯಾಫ್ರಮ್ (ಬಗ್ಗೋ ತೆಳು ಪರದೆ) ಮೇಲೆ ಕೆಳಗೆ ಆಡತ್ತೆ, ಪೆಟ್ರೋಲನ್ನ ಟ್ಯಾಂಕಿಂದ ಹೀರಿ ಕಾರ್ಬುರೇಟರಿಗೆ ತಳ್ಳತ್ತೆ. ಈ ಹೀರೋದು ಅನ್ನೋ ಮಾತನ್ನ ನೆನಪಿಟ್ಕೊಳ್ಳಿ.

ಮೊದಲ ಅನುಮಾನ ಎಲ್ಲರಿಗೂ ಬರೋದು ವೇಪರ್ ಲಾಕ್ ಮೇಲೆ, ಅಂದ್ರೆ ಪೆಟ್ರೋಲ್ ದಾರೀಲೇ ಆವಿ ಆಗಿ ಮುಂದಕ್ಕೆ ಹೋಗದೆ ಇರೋದು. ನಮ್ಮ ಮೆಕ್ಯಾನಿಕ್ ಅಣ್ಣಾನೂ ಅದನ್ನೇ ಹೇಳಿದ್ದು, "ಪಂಪ್ ಬಿಸಿ ಆಗತ್ತೆ ಸರ್, ಒದ್ದೆ ಬಟ್ಟೆ ಸುತ್ತಿ, ಹೋಗತ್ತೆ." ಹಾಗೆ ಸುತ್ತಿದಾಗ ಬೇಗ ಸ್ಟಾರ್ಟ್ ಕೂಡ ಆಗ್ತಿತ್ತು. ಪೆಟ್ರೋಲ್ ಅನ್ನೋದು ನೀರಿನ ಥರ ಒಂದೇ ವಸ್ತು ಅಲ್ಲ, ನೂರಾರು ಹೈಡ್ರೋಕಾರ್ಬನ್ನುಗಳ ಮಿಶ್ರಣ, ಅದರಲ್ಲಿ ಹಗುರವಾಗಿರೋವು 35–40 ಡಿಗ್ರಿಗೇ ಕುದಿಯೋಕೆ ಶುರು ಮಾಡತ್ತೆ, ಭಾರದವು 200ರ ಹತ್ರ. ಲೋಡ್ ಹಾಕ್ಕೊಂಡು ಎರಡನೇ ಗೇರಲ್ಲಿ ಘಾಟಿ ಹತ್ತೋ ಇಂಜಿನ್ ಪಕ್ಕ ಇರೋ ಪಂಪಲ್ಲಿ ಆ ಬಿಸಿ ಸುಲಭವಾಗಿ ಬರತ್ತೆ. ಒಂದು ಹನಿ ಪೆಟ್ರೋಲ್ ಆವಿ ಆದ್ರೆ ನೂರು ಪಟ್ಟಿಗೂ ಹೆಚ್ಚು ಹಿಗ್ಗತ್ತೆ. ಡಯಾಫ್ರಮ್ ಒತ್ತಿದಾಗ ದ್ರವ ಆಗಿದ್ರೆ ಮುಂದಕ್ಕೆ ಹೋಗತ್ತೆ, ಆವಿ ಆಗಿದ್ರೆ ಅಲ್ಲೇ ಕುಗ್ಗಿ ಅಲ್ಲೇ ಹಿಗ್ಗತ್ತೆ, ಪಂಪ್ ಆಡ್ತಾನೇ ಇರತ್ತೆ, ಕಾರ್ಬುರೇಟರಿಗೆ ಏನೂ ಬರಲ್ಲ. ಇನ್ನೊಂದು, ಒತ್ತಡ ಕಮ್ಮಿ ಆದ್ರೆ ಕುದಿಯೋ ಬಿಂದೂನೂ ಇಳಿಯತ್ತೆ. ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯತ್ತಲ್ಲ, ಗಾಳಿಯ ಒತ್ತಡ ಅಲ್ಲಿ ಹತ್ತು ಪರ್ಸೆಂಟಿನಷ್ಟು ಕಮ್ಮಿ. ಹೀರೋ ಪೈಪಿನ ಒಳಗಂತೂ ಒತ್ತಡ ಮೊದಲೇ ಕಮ್ಮಿ. ಒದ್ದೆ ಬಟ್ಟೆ ಯಾಕೆ ಕೆಲಸ ಮಾಡತ್ತೆ ಅಂದ್ರೆ ಒಂದು ಗ್ರಾಂ ನೀರು ಆವಿ ಆಗೋಕೆ ಎರಡು ಸಾವಿರ ಜೌಲಿಗೂ ಹೆಚ್ಚು ಶಾಖ ಬೇಕು, ಅದನ್ನ ಪಂಪಿನ ಮೈಯಿಂದಲೇ ಎಳ್ಕೊಳ್ಳತ್ತೆ. ಹಳೇ ಡ್ರೈವರ್‌ಗಳು ಸುಮ್ನೆ ಮಾಡ್ತಿರಲಿಲ್ಲ.

ಎರಡನೇ ಅನುಮಾನ ಇಗ್ನಿಷನ್ ಕಾಯಿಲ್. ಬ್ಯಾಟರಿಯ 12 ವೋಲ್ಟನ್ನ ಸ್ಪಾರ್ಕ್ ಪ್ಲಗ್ಗಿಗೆ ಬೇಕಾದ ಹದಿನೈದು ಇಪ್ಪತ್ತು ಸಾವಿರ ವೋಲ್ಟಿಗೆ ಏರಿಸೋದು ಇದೇ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ ಪ್ರೇರಣೆ ನಮ್ಮ ಸೀಟಿನ ಅಡಿಲಿ ಪ್ರತಿ ಸೆಕೆಂಡಿಗೆ ಹತ್ತಾರು ಸಲ ನಡೀತಿರತ್ತೆ, ಅದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಖುಷಿ ಆಗತ್ತೆ. ಒಳಗೆ ಕೂದಲಿನಷ್ಟು ತೆಳು ತಾಮ್ರದ ತಂತಿ ಸಾವಿರಾರು ಸುತ್ತು. ವಯಸ್ಸಾದ ಕಾಯಿಲಲ್ಲಿ ಎಲ್ಲೋ ಒಂದು ಕಡೆ ಇನ್ಸುಲೇಷನ್ ಬಿರುಕು ಬಿಟ್ಟಿದ್ರೆ ಇಲ್ಲಾ ತಂತಿ ತುಂಡಾಗಿ ತುದಿ ತುದಿ ಮುಟ್ಕೊಂಡಿದ್ರೆ, ತಣ್ಣಗಿದ್ದಾಗ ಕೆಲಸ ಮಾಡತ್ತೆ, ಬಿಸಿ ಆದಾಗ ಹಿಗ್ಗಿ ದೂರ ಆಗತ್ತೆ, ಸ್ಪಾರ್ಕ್ ಹೋಗತ್ತೆ. ತಣ್ಣಗಾದ್ರೆ ಮತ್ತೆ ಮುಟ್ಕೊಳ್ಳತ್ತೆ. ಹಂಗಾಗಿ ಮನೇಲಿ ತಣ್ಣಗಿರೋ ಕಾಯಿಲಿಗೆ ಮಲ್ಟಿಮೀಟರ್ ಹಿಡಿದು "ಸರಿ ಇದೆ" ಅಂದ್ಕೊಂಡ್ರೆ ಅದು ಅರ್ಧ ಪರೀಕ್ಷೆ ಅಷ್ಟೇ.

ನಾನು ಮಾಡಿದ್ದು ಏನಂದ್ರೆ, ಮೊದಲು ಪಂಪ್ ಬದಲಾಯಿಸಿದೆ. ಆಮೇಲೆ ಎರಡು ಟ್ರಿಪ್ ನಿಲ್ಲಲೇ ಇಲ್ಲ, ಸರಿ ಹೋಯ್ತು ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ, ಮೂರನೇದಕ್ಕೆ ಅದೇ ತಿರುವಿನ ಹತ್ರ ನಿಲ್ತು. ಆಮೇಲೆ ಫಿಲ್ಟರ್, ಆಮೇಲೆ ಕಾಯಿಲ್, ಪ್ರತಿ ಸಲಾನೂ ಒಂದೆರಡು ಟ್ರಿಪ್ ಚೆನ್ನಾಗಿ ಬಂದು ಮತ್ತೆ ಅದೇ. ಕೊನೆಗೆ ಪೆಟ್ರೋಲ್ ಹಾಕಿಸಿದ ಲೆಕ್ಕ ಬರೆಯೋ ಡೈರಿ ತೆಗೆದು ಕೂತೆ. ನಿಂತ ಅಷ್ಟೂ ದಿನ ಉಜಿರೆಲಿ ಫುಲ್ ಟ್ಯಾಂಕ್ ಹಾಕಿಸಿದ್ದೆ! ನಿಲ್ಲದೆ ಬಂದ ದಿನಗಳಲ್ಲಿ ಹಿಂದಿನ ವಾರದ ಪೆಟ್ರೋಲಲ್ಲೇ ಹತ್ತಿದ್ದೆ. ನಾನು ಅಷ್ಟು ದಿನ ಘಾಟಿನ ಬೈದಿದ್ದೆ, ಆದ್ರೆ ಘಾಟಿ ಮತ್ತೆ ಫುಲ್ ಟ್ಯಾಂಕ್ ಎರಡೂ ಜೊತೆಜೊತೆಗೇ ಬರ್ತಿತ್ತು, ಯಾರ ತಪ್ಪು ಅಂತ ಬೇರೆ ಮಾಡಿ ನೋಡಿರಲೇ ಇಲ್ಲ.

ಮೂರನೇ ಕಾರಣ ಹೊಳೆದಿದ್ದು ಆಗ. ಟ್ಯಾಂಕಿಂದ ಪೆಟ್ರೋಲ್ ಹೋದ ಜಾಗಕ್ಕೆ ಗಾಳಿ ಬರಬೇಕು, ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸರಿಯಾಗಿ ಸುರಿಯಲ್ವಲ್ಲ, ಹಾಗೇ. ಹಳೇ ಗಾಡಿಗಳಲ್ಲಿ ಈ ದಾರಿ ಒಂದೋ ಮುಚ್ಚಳದಲ್ಲಿ ಇರತ್ತೆ, ಇಲ್ಲಾ ಸಣ್ಣ ಬ್ರೀದರ್ ಪೈಪ್ ಇರತ್ತೆ. ಅದು ಕಟ್ಕೊಂಡ್ರೆ ಟ್ಯಾಂಕ್ ಒಳಗೆ ಒತ್ತಡ ಇಳೀತಾ ಹೋಗತ್ತೆ. ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮಾನೇ ಸಾಕು ಲೆಕ್ಕಕ್ಕೆ: ಫುಲ್ ಮಾಡಿಸಿದಾಗ ಟ್ಯಾಂಕಲ್ಲಿ ಖಾಲಿ ಜಾಗ 4 ಲೀಟರ್ ಇದೆ ಅನ್ಕೊಳ್ಳಿ, 2 ಲೀಟರ್ ಖರ್ಚಾದ್ರೆ ಅದು 6 ಆಯ್ತು, ಅಲ್ಲಿರೋ ಗಾಳಿಯ ಒತ್ತಡ ಮೂರನೇ ಒಂದು ಭಾಗ ಇಳಿದ ಹಾಗೆ. ಅದೇ ಖಾಲಿ ಜಾಗ 25 ಲೀಟರ್ ಇದ್ರೆ, 2 ಲೀಟರ್ ಹೋದ್ರೂ ಇಳಿಯೋದು ಏಳೆಂಟು ಪರ್ಸೆಂಟ್ ಅಷ್ಟೇ. ನಿಜವಾಗಿ ಇಷ್ಟೊಂದು ಇಳಿಯಲ್ಲ, ಯಾಕಂದ್ರೆ ಪೆಟ್ರೋಲ್ ಆವಿ ಎದ್ದು ಸ್ವಲ್ಪ ತುಂಬಿಕೊಳ್ಳತ್ತೆ. ವಾತಾವರಣದ ಒತ್ತಡದ ಆರನೇ ಒಂದು ಭಾಗ ಇಳೀತು ಅಂತಿಟ್ಕೊಂಡ್ರೂ, ಪಂಪಿಗೆ ಅದು ಎರಡು ಮೀಟರಿಗೂ ಹೆಚ್ಚು ಆಳದಿಂದ ಪೆಟ್ರೋಲ್ ಎತ್ತಿದ ಹಾಗೆ. ಇಂಜಿನ್ ನಿಂತ ಮೇಲೆ ಮುಚ್ಚಳದ ವಾಷರ್ ಸಂದಿಂದ ನಿಧಾನಕ್ಕೆ ಗಾಳಿ ನುಸುಳತ್ತೆ, ಅರ್ಧ ಗಂಟೆಲಿ ಸರಿ ಹೋಗತ್ತೆ.

ಬೇರೆ ಮಾಡಿ ನೋಡ್ಬೇಕಿತ್ತು. ಒಂದು ಭಾನುವಾರ ಕಮ್ಮಿ ಪೆಟ್ರೋಲಲ್ಲಿ ಘಾಟಿ ಹತ್ತಿಸಿದೆ, ಮಧ್ಯಾಹ್ನ ಬಿಸಿಲಲ್ಲಿ, ನಿಲ್ಲಲಿಲ್ಲ. ಮುಂದಿನ ವಾರ ಮೂಡಿಗೆರೆಲಿ ಫುಲ್ ಮಾಡಿಸಿ ಬೇಲೂರು ರಸ್ತೆಲಿ ಹೊರಟೆ, ಘಾಟಿ ಇಲ್ಲ, ತಂಪು ಹೊತ್ತು. ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಅದೇ ಜರ್ಕ್, ಅದೇ ಆಫ್. ಅವತ್ತು ಕಾಯಲಿಲ್ಲ. ಸೀಟ್ ಎತ್ತಿ, ಏರ್ ಕ್ಲೀನರ್ ತೆಗೆದು, ಕಾರ್ಬುರೇಟರ್ ಬಾಯಿಗೆ ಟಾರ್ಚ್ ಬಿಟ್ಟು ಕೈಯಲ್ಲಿ ಆಕ್ಸಿಲರೇಟರ್ ಲಿವರ್ ಎಳೆದೆ. ಒಳಗೆ ಪೆಟ್ರೋಲ್ ಇದ್ರೆ ಸೂಜಿಯಷ್ಟು ತೆಳು ಧಾರೆ ಚಿಮ್ಮಬೇಕು. ಏನೂ ಬರಲಿಲ್ಲ, ಗಂಟಲು ಒಣಗಿತ್ತು. ಅದನ್ನ ಮುಚ್ಚಿಟ್ಟು, ಒಂದು ಪ್ಲಗ್ ಬಿಚ್ಚಿ, ಕಾರ್ಬುರೇಟರಿಂದ ದೂರದಲ್ಲಿ ಇಂಜಿನ್ ಮೈಗೆ ತಾಗಿಸಿ ಸೆಲ್ಫ್ ಹೊಡೆಸಿದ್ರೆ ನೀಲಿ ಕಿಡಿ ಟಕಟಕ ಅಂತ ಬಂತು (ಪೆಟ್ರೋಲ್ ಸೋರ್ತಿದ್ರೆ, ವಾಸನೆ ಜೋರಿದ್ರೆ ಈ ಪರೀಕ್ಷೆ ಮಾಡಲೇಬೇಡಿ). ಅಂದ್ರೆ ಕರೆಂಟ್ ಸರಿ ಇದೆ, ಪೆಟ್ರೋಲ್ ಬರ್ತಿಲ್ಲ. ಆಮೇಲೆ ಟ್ಯಾಂಕ್ ಹತ್ರ ಹೋಗಿ ಕಿವಿ ಇಟ್ಕೊಂಡು ಮುಚ್ಚಳ ನಿಧಾನಕ್ಕೆ ತಿರುಗಿಸಿದೆ. ಹುಸ್ಸ್ ಅಂತ ಎರಡು ಮೂರು ಸೆಕೆಂಡ್ ಗಾಳಿ ಒಳಗೆ ಎಳ್ಕೊಳ್ತು. ಪ್ಲಗ್ ಹಾಕಿ, ಮುಚ್ಚಳ ಸಡಿಲ ಬಿಟ್ಟು ಸೆಲ್ಫ್ ಹೊಡೆದ್ರೆ ಎಂಟು ಹತ್ತು ಸೆಕೆಂಡಿಗೆ ಇಂಜಿನ್ ಹಿಡ್ಕೊಳ್ತು. ನಿಂತು ಹತ್ತು ನಿಮಿಷಾನೂ ಆಗಿರಲಿಲ್ಲ. ಈ ಕ್ರಮ ಮುಖ್ಯ, ಮೊದಲೇ ಮುಚ್ಚಳ ತೆಗೆದಿದ್ರೆ ಪೆಟ್ರೋಲ್ ಬರೋಕೆ ಶುರುವಾಗಿ ಉಳಿದ ಸಾಕ್ಷಿ ಅಳಿಸಿ ಹೋಗ್ತಿತ್ತು.

ಮನೆಗೆ ಬಂದು ಗಾಡಿ ಅಡಿಗೆ ತೂರಿ ಬ್ರೀದರ್ ಪೈಪಿನ ತುದಿ ನೋಡಿದೆ. ಗಟ್ಟಿ ಕೆಂಪು ಮಣ್ಣು, ಬೆರಳಿಂದ ಒತ್ತಿ ಮೆತ್ತಿದಷ್ಟು ನುಣ್ಣಗೆ. ತೆಳು ಕಂಬಿ ಹಾಕಿ ಕೆದಕಿದಾಗ ಮಣ್ಣಿನ ಪುಡಿ ಜೊತೆ ಒಣಗಿದ ಸಣ್ಣ ಸಣ್ಣ ಜೇಡಗಳು ಉದುರಿದ್ವು, ಹನ್ನೊಂದು ಎಣಿಸಿದೆ. ಮಣ್ಣಿನ ಗೂಡು ಕಟ್ಟೋ ಕಡಜ! ಮಲೆನಾಡಲ್ಲಿ ಬಾಗಿಲ ಸಂದಿ, ಸ್ವಿಚ್ ಬೋರ್ಡ್, ಬೀಗದ ತೂತು ಯಾವುದನ್ನೂ ಬಿಡಲ್ಲ ಅದು. ಜೇಡಗಳನ್ನ ಕುಟುಕಿ, ಸಾಯಿಸದೆ ಜೋಂಪು ಹಿಡಿಸಿ, ಮರಿಗೆ ಬುತ್ತಿ ಅಂತ ತುಂಬಿಟ್ಟು ಮೊಟ್ಟೆ ಇಟ್ಟು ಮುಚ್ಚತ್ತೆ. ಮಳೆಗಾಲ ಮುಗಿದ ಮೇಲೆ ಗಾಡಿ ಶೆಡ್ಡಲ್ಲೇ ಸುಮಾರು ದಿನ ನಿಂತಿತ್ತು, ಒಣಗಿದ, ಗಾಳಿ ಮರೆಯ ತೂತು, ಅದಕ್ಕೆ ಇನ್ನೇನು ಬೇಕು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಮಜ್ದಾ ಕಂಪನಿ 2011ರಲ್ಲಿ ಒಂದು ಸಲ, 2014ರಲ್ಲಿ ಇನ್ನೊಂದು ಸಲ (ಆಗ ಸುಮಾರು 42,000) ಕಾರುಗಳನ್ನ ವಾಪಸ್ ಕರೆಸಿತು, ಕಾರಣ ಒಂದು ಜಾತಿಯ ಹಳದಿ ಜೇಡ. ಅದು ಪೆಟ್ರೋಲ್ ವಾಸನೆಗೆ ಬಂದು ಟ್ಯಾಂಕಿನ ಗಾಳಿ ಪೈಪಲ್ಲಿ ಬಲೆ ನೇಯ್ತಿತ್ತು, ಒಳಗೆ ಒತ್ತಡ ಇಳಿದು ಟ್ಯಾಂಕೇ ಬಿರುಕು ಬಿಡೋ ಅಪಾಯ ಇತ್ತು. ವಿಮಾನಗಳ ವೇಗ ಅಳೆಯೋ ಪಿಟೋ ಟ್ಯೂಬಿಗೂ ಕಡಜದ ಕಾಟ ಇದೆ, ಅದಕ್ಕೇ ನಿಂತ ವಿಮಾನದಲ್ಲಿ ಅದಕ್ಕೆ ಕವರ್ ಹಾಕಿರ್ತಾರೆ.

ಮೆಕ್ಯಾನಿಕ್ ಅಣ್ಣನ ಹತ್ರ ಹೋಗಿ ಎಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಒದ್ದೆ ಬಟ್ಟೆ ಹಾಕಿದಾಗ ಬೇಗ ಸ್ಟಾರ್ಟ್ ಆಗ್ತಿತ್ತಲ್ಲ ಸರ್, ಅದು ಹೆಂಗೆ?" ಅಂತ ಕೇಳಿದ್ರು. ಒಳ್ಳೇ ಪ್ರಶ್ನೆ, ನನಗೆ ಹೊಳೆದಿರಲಿಲ್ಲ. ಟ್ಯಾಂಕಲ್ಲಿ ಒತ್ತಡ ಇಳಿದ್ರೆ ಪೈಪಲ್ಲೂ ಇಳಿಯತ್ತೆ, ಪೈಪಲ್ಲಿ ಇಳಿದ್ರೆ ಪೆಟ್ರೋಲ್ ಇನ್ನೂ ಬೇಗ ಕುದಿಯತ್ತೆ. ಅಂದ್ರೆ ಘಾಟಿಲಿ ಎರಡು ಕಾಯಿಲೆನೂ ಒಟ್ಟಿಗೇ ಇತ್ತು, ಕಡಜ ಕಟ್ಟಿದ್ದ ಮಣ್ಣು ವೇಪರ್ ಲಾಕಿಗೂ ದಾರಿ ಮಾಡಿಕೊಟ್ಟಿತ್ತು, ಬಟ್ಟೆ ಆ ಅರ್ಧವನ್ನ ನಿಜವಾಗಿಯೂ ವಾಸಿ ಮಾಡ್ತಿತ್ತು. ಅವರು ಹೇಳಿದ್ದೂ ಸರಿ, ನಾನು ಕಂಡಿದ್ದೂ ಸರಿ.

ಈಗ ಪೈಪಿನ ತುದಿಗೆ ಹಳೇ ಟೀ ಸೋಸೋ ಜಾಲರಿಯಿಂದ ಕತ್ತರಿಸಿದ ತುಂಡು ಸುತ್ತಿ ಕ್ಲಿಪ್ ಹಾಕಿದ್ದೀನಿ. ಉಜಿರೆಲಿ ಫುಲ್ ಮಾಡಿಸಿ ಎಷ್ಟೋ ಸಲ ಹತ್ತಿದ್ದಾಯ್ತು, ನಿಂತಿಲ್ಲ. ಹೋದ ವಾರ ಗಾಡಿ ಅಡಿಗೆ ಮಲಗಿ ನೋಡಿದಾಗ ಜಾಲರಿ ಅಂಚಲ್ಲಿ ಕಡಲೆ ಕಾಳಿನಷ್ಟು ಮಣ್ಣಿನ ಉಂಡೆ ಇತ್ತು, ಇನ್ನೂ ಹಸಿ. ಒರೆಸಿ ತೆಗೆದೆ.