ಉಜ್ಜಿಹೋದ ಪದರ: ರಕ್ತನಾಳದ ಒಳಮೈಗೆ ವಯಸ್ಸಾಗುವ ಬಗೆ

ಹೃದಯದ ತೊಂದರೆ ಇರುವವರ ಮನೆಯಲ್ಲಿ ನಾಲಿಗೆಯ ಕೆಳಗಿಡುವ ಪುಟ್ಟ ಮಾತ್ರೆ ಕೈಗೆ ಸಿಗುವಂತೆ ಇದ್ದೇ ಇರುತ್ತದೆ, ಅಂಗಿಯ ಜೇಬಿನಲ್ಲೋ ದಿಂಬಿನ ಪಕ್ಕದಲ್ಲೋ. ಇಟ್ಟ ಕೆಲವೇ ನಿಮಿಷದಲ್ಲಿ ಎದೆಯ ಬಿಗಿತ ಸಡಿಲವಾಗುತ್ತದೆ. ಈ ಮಾತ್ರೆಗಳ ಹಿರಿಯಣ್ಣ ನೈಟ್ರೋಗ್ಲಿಸರಿನ್. ಅದು ಎದೆನೋವಿಗೆ ಆಗುತ್ತದೆಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಬರೆದದ್ದು 1879ರಲ್ಲಿ. ಅದೇ ವಸ್ತುವಿನಿಂದ ಡೈನಮೈಟ್ ಮಾಡಿ ಸಿರಿವಂತನಾದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟದ್ದೂ ಅದನ್ನೇ. ಇದೆಂಥ ವಿಧಿಯಾಟ ಎಂದು ಅವರು 1896ರ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ.

ಔಷಧಿ ಕೆಲಸ ಮಾಡುತ್ತಿತ್ತು. ಹೇಗೆ ಎಂಬುದು ಮಾತ್ರ ಮುಂದಿನ ನೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಉತ್ತರವಿದ್ದದ್ದು ರಕ್ತನಾಳದ ಒಳಗೋಡೆಯ ತೆಳುವಾದ ಪದರದಲ್ಲಿ, ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ರಕ್ತ ದೇಹದಲ್ಲಿ ಸುತ್ತುತ್ತದೆಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದರು. ಕಪ್ಪೆಯ ಶ್ವಾಸಕೋಶದ ಲೋಮನಾಳಗಳನ್ನು ಮಾಲ್ಪೀಗಿ 1661ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡರು. ಒಳಪದರಕ್ಕೆ ಎಂಡೋಥೀಲಿಯಂ ಎಂಬ ಹೆಸರು ಬಿದ್ದದ್ದು 1865ರಲ್ಲಿ, ಇಟ್ಟವರು ವಿಲ್ಹೆಲ್ಮ್ ಹಿಸ್. ಹೆಸರು ಬಂದರೂ ಮರ್ಯಾದೆ ಬರಲಿಲ್ಲ. ಒಂದೇ ಜೀವಕೋಶದಷ್ಟು ದಪ್ಪದ ಪದರ; ಕೊಳವೆಯ ಒಳಗೆ ಬಳಿದ ಗಾರೆಯಂತೆ ಸುಮ್ಮನೆ ಕೂತಿದೆ, ರಕ್ತ ಹೊರಗೆ ಸೋರದಂತೆ ತಡೆಯುತ್ತದೆ, ಅಷ್ಟೇ ಎಂಬ ನಂಬಿಕೆ ಬಹುಕಾಲ ಉಳಿಯಿತು.

ಅದು ಮುರಿದದ್ದು 1978ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಯೋಗಾಲಯದಲ್ಲಿ. ಅಲ್ಲಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯನ್ನು ಉದ್ದನೆಯ ಪಟ್ಟಿಯಾಗಿ ಕತ್ತರಿಸಿ ಅದರ ಮೇಲೆ ಔಷಧಿಗಳನ್ನು ಪರೀಕ್ಷಿಸುತ್ತ ದಶಕಗಳನ್ನೇ ಕಳೆದಿದ್ದರು. ನರಗಳ ಸಂದೇಶ ಒಯ್ಯುವ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಆ ಪಟ್ಟಿ ಕುಗ್ಗುತ್ತದೆ ಎಂದು 1953ರಲ್ಲೇ ಪ್ರಕಟಿಸಿದ್ದರು. ಜೀವಂತ ಪ್ರಾಣಿಗೆ ಕೊಟ್ಟಾಗ ಅದೇ ರಾಸಾಯನಿಕ ರಕ್ತನಾಳವನ್ನು ಹಿಗ್ಗಿಸುತ್ತಿತ್ತು. ಈ ವಿರೋಧಾಭಾಸಕ್ಕೆ ಸಮಾಧಾನ ಸಿಕ್ಕಿರಲಿಲ್ಲ. ಒಂದು ದಿನ ಅವರ ತಂತ್ರಜ್ಞ, ಹೇಳಿಕೊಟ್ಟ ಕ್ರಮ ತಪ್ಪಿ, ಮೊದಲೇ ಕುಗ್ಗಿಸಿಟ್ಟ ರಕ್ತನಾಳವನ್ನು ತೊಳೆಯದೆ ಅಸೆಟೈಲ್‌ಕೋಲಿನ್ ಜಾತಿಯ ಔಷಧಿಯನ್ನು ಹಾಕಿಬಿಟ್ಟರು. ಕುಗ್ಗಬೇಕಾದದ್ದು ಸಡಿಲಗೊಂಡಿತು.

ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತೆಂದು ಬಿಸಾಡುತ್ತಿದ್ದರೇನೋ. ಫರ್ಚ್‌ಗಾಟ್ ಬಿಡಲಿಲ್ಲ. ಕಾರಣ ಹುಡುಕುತ್ತ ಹೋದಾಗ ಸಿಕ್ಕ ಉತ್ತರ ಅವರ ಹಳೆಯ ಕೆಲಸವನ್ನೇ ಪ್ರಶ್ನಿಸುವಂತಿತ್ತು: ಪಟ್ಟಿ ಕತ್ತರಿಸುವಾಗ ಒಳಮೈ ಬೆರಳಿಗೋ ಇನ್ನಾವುದಕ್ಕೋ ತಾಗಿ ಆ ತೆಳುಪದರ ಉಜ್ಜಿಹೋಗುತ್ತಿತ್ತು. ಪದರ ಉಳಿದಿದ್ದರೆ ರಕ್ತನಾಳ ಹಿಗ್ಗುತ್ತದೆ, ಹೋಗಿದ್ದರೆ ಕುಗ್ಗುತ್ತದೆ. ಖಚಿತ ಮಾಡಿಕೊಳ್ಳಲು, ಪದರವಿಲ್ಲದ ಪಟ್ಟಿಗೆ ಪದರವಿರುವ ಪಟ್ಟಿಯನ್ನು ಮುಖಾಮುಖಿ ಜೋಡಿಸಿ ನೋಡಿದರು. ಪದರವಿಲ್ಲದ್ದೂ ಸಡಿಲಗೊಂಡಿತು. ಅಂದರೆ ಆ ಪದರದಿಂದ ಏನೋ ಹೊರಟು ರಕ್ತನಾಳದ ಗೋಡೆಯಲ್ಲಿರುವ ಸ್ನಾಯುವಿಗೆ ತಲುಪುತ್ತಿದೆ. ಇದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತನ್ನ ಕೈಯಿಂದಲೇ ಅಳಿಸಿಹೋಗುತ್ತಿದ್ದುದನ್ನು ಅರವತ್ತು ದಾಟಿದ ಮೇಲೆ ಕಂಡುಹಿಡಿದು, ಅದನ್ನು ಮುಚ್ಚಿಡದೆ ಬರೆದ ಆ ಪ್ರಾಮಾಣಿಕತೆ ನನಗೆ ಆ ಶೋಧದಷ್ಟೇ ದೊಡ್ಡದಾಗಿ ಕಾಣುತ್ತದೆ.

ಆ ‘ಏನೋ’ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಇರಬಹುದೆಂದು ಫರ್ಚ್‌ಗಾಟ್ ಮತ್ತು ಲೂಯಿಸ್ ಇಗ್ನಾರೋ 1986ರಲ್ಲಿ ಬೇರೆಬೇರೆಯಾಗಿ ಹೇಳಿದರು. ಮರುವರ್ಷ ಲಂಡನ್ನಿನ ಸಾಲ್ವಡಾರ್ ಮೊಂಕಾಡಾ ಅವರ ತಂಡವೂ ಅದನ್ನು ಖಚಿತಪಡಿಸಿತು. ನೈಟ್ರೋಗ್ಲಿಸರಿನ್ ಬಿಡುಗಡೆ ಮಾಡುವುದೂ ಅದೇ ಅನಿಲವನ್ನೆಂದು ಫೆರಿಡ್ ಮುರಾದ್ 1977ರಲ್ಲೇ ಕಂಡಿದ್ದರು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್ ಬಂತು. ಮೊಂಕಾಡಾ ಅವರನ್ನು ಬಿಟ್ಟದ್ದು ಸರಿಯಲ್ಲವೆಂದು ಆಗಲೇ ಅನೇಕರು ದನಿ ಎತ್ತಿದ್ದರು.

ವಯಸ್ಸಿಗೂ ಇದಕ್ಕೂ ಏನು ನಂಟು? ರಕ್ತ ರಭಸವಾಗಿ ಹರಿದಾಗ ಅದರ ಉಜ್ಜುವಿಕೆ ಈ ಕೋಶಗಳಿಗೆ ತಿಳಿಯುತ್ತದೆ. ಆಗ ಅವು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ, ರಕ್ತನಾಳ ಹಿಗ್ಗುತ್ತದೆ, ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟುವುದಿಲ್ಲ. ಆದರೆ ಈ ಅನಿಲದ ಆಯುಸ್ಸು ಕೆಲವೇ ಸೆಕೆಂಡು. ವರ್ಷ ಕಳೆದಂತೆ ಕೋಶಗಳಲ್ಲಿ ಸೂಪರಾಕ್ಸೈಡ್‌ನಂಥ ಚುರುಕು ಅಣುಗಳು ಹೆಚ್ಚಾಗಿ, ಹುಟ್ಟಿದ ನೈಟ್ರಿಕ್ ಆಕ್ಸೈಡ್ ಸ್ನಾಯು ತಲುಪುವ ಮೊದಲೇ ಅವುಗಳ ಪಾಲಾಗುತ್ತದೆ. ಪದರ ಇದ್ದಲ್ಲೇ ಇರುತ್ತದೆ, ಕಸುವು ಕುಂದುತ್ತದೆ. ಬೀಡಿ ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಸೇರಿದರೆ ಈ ಕುಸಿತ ಬೇಗ ಬರುತ್ತದೆ.

ಇದನ್ನು ಅಳೆಯುವ ಸರಳ ದಾರಿಯನ್ನು ಡೇವಿಡ್ ಸೆಲೆರ್ಮೇಜರ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಬಿಪಿ ನೋಡುವ ಪಟ್ಟಿಯನ್ನು ಐದು ನಿಮಿಷದಷ್ಟು ಬಿಗಿಯಾಗಿ ಕಟ್ಟಿ ಬಿಚ್ಚಬೇಕು. ಆಗ ನುಗ್ಗುವ ರಕ್ತಕ್ಕೆ ತೋಳಿನ ರಕ್ತನಾಳ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡ್‌ನಲ್ಲಿ ನೋಡಬೇಕು. ಎರಡು ವರ್ಷದ ನಂತರ ಆರೋಗ್ಯವಂತರನ್ನೇ ಪರೀಕ್ಷಿಸಿದಾಗ, ಗಂಡಸರಲ್ಲಿ ನಲವತ್ತರ ಆಸುಪಾಸಿನಿಂದ, ಹೆಂಗಸರಲ್ಲಿ ಐವತ್ತು ದಾಟಿದ ಮೇಲೆ ಹಿಗ್ಗುವ ಶಕ್ತಿ ಇಳಿಯುತ್ತಿತ್ತು. ಹೆಂಗಸರಲ್ಲಿ ತಡವಾಗಿ ಶುರುವಾದರೂ ಇಳಿತ ಹೆಚ್ಚು ಕಡಿದಾಗಿತ್ತು.

ಇಷ್ಟು ತಿಳಿದ ಮೇಲೆ ಪದರಕ್ಕೆ ಮೇವು ಹಾಕುವ ಆಸೆ ಹುಟ್ಟಿತು. ನೈಟ್ರಿಕ್ ಆಕ್ಸೈಡ್ ಹುಟ್ಟುವುದು ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ. ಹಾಗಾದರೆ ಅದನ್ನೇ ನುಂಗಿದರಾಯಿತಲ್ಲ! ಆದರೆ ಹೃದಯಾಘಾತವಾದವರಿಗೆ ಅರ್ಜಿನಿನ್ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಬಂತು. ಪ್ರಯೋಜನವೇನೂ ಕಾಣಲಿಲ್ಲ. ಅರ್ಜಿನಿನ್ ಪಡೆದವರಲ್ಲಿ 6 ಮಂದಿ ಸತ್ತಿದ್ದರು, ಪಡೆಯದವರಲ್ಲಿ ಒಬ್ಬರೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದೇ ಅರ್ಜಿನಿನ್ ಇಂದಿಗೂ ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದೆಂದು ಗಟ್ಟಿಯಾಗಿಯೇ ಹೇಳಬೇಕೆನಿಸುತ್ತದೆ.

ಅಡುಗೆಮನೆಯ ದಾರಿಯೂ ಒಂದಿದೆ. ದಂಟು, ಪಾಲಕ್, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಹೇರಳ. ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಮುಂದೆ ಅದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿದ ಆರೋಗ್ಯವಂತರ ಬಿಪಿ ಕೆಲವು ಗಂಟೆ ಸುಮಾರು 10 ಅಂಶ ಇಳಿದದ್ದನ್ನು 2008ರಲ್ಲಿ ಲಂಡನ್ನಿನಲ್ಲಿ ದಾಖಲಿಸಿದ್ದಾರೆ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಬಳಸಿದರೆ ಈ ದಾರಿ ಅಲ್ಲಿಗೇ ಕಡಿದುಹೋಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ನಡಿಗೆಗೆ. ಕೊಲರಾಡೋ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿಯವರೆಗೆ ವ್ಯಾಯಾಮವನ್ನೇ ಮಾಡದಿದ್ದ 13 ಮಂದಿ ನಡುವಯಸ್ಸಿನ ಮತ್ತು ಹಿರಿಯ ಗಂಡಸರು ಮೂರು ತಿಂಗಳು ಹೆಚ್ಚಾಗಿ ಬಿರುಸು ನಡಿಗೆಯನ್ನೇ ಮಾಡಿದರು. ಅವರ ರಕ್ತನಾಳ ಹಿಗ್ಗುವ ಶಕ್ತಿ ಯುವಕರ ಮಟ್ಟಕ್ಕೆ ಮರಳಿತು. ಹರಿವು ಹೆಚ್ಚಿದಷ್ಟೂ ಪದರ ಚುರುಕಾಗುತ್ತದೆಂಬುದು ಇಲ್ಲಿ ಕಣ್ಣಿಗೆ ಕಂಡಿತು.

ಗಂಡಸರು ಎಂದದ್ದನ್ನು ಗಮನಿಸಿ. ಅದೇ ವಿಶ್ವವಿದ್ಯಾಲಯದ ತಂಡ ಮುಂದೆ ಮುಟ್ಟು ನಿಂತ ಹೆಂಗಸರನ್ನೂ ಸೇರಿಸಿಕೊಂಡು ಎಂಟು ವಾರ ನಡೆಸಿ ನೋಡಿತು. ಗಂಡಸರಲ್ಲಿ ಸುಧಾರಣೆ ಕಂಡಿತು, ಹೆಂಗಸರಲ್ಲಿ ಕಾಣಲಿಲ್ಲ. ಈಸ್ಟ್ರೋಜನ್ ಇಳಿದ ಮೇಲೆ ಪದರ ಹರಿವಿಗೆ ಮೊದಲಿನಂತೆ ಓಗೊಡುವುದಿಲ್ಲವೆಂದು ಸಂಶೋಧಕರ ತರ್ಕ. ನಡಿಗೆಯಿಂದ ಬಿಪಿಗೆ, ಸಕ್ಕರೆಗೆ, ಮೂಳೆಗೆ ಆಗುವ ಒಳಿತು ಅವರಿಗೂ ಇದ್ದೇ ಇದೆ, ಹಾಗಾಗಿ ಬಿಡುವ ಮಾತಿಲ್ಲ. ಆದರೆ ಗಂಡಸರ ತೋಳಿನಲ್ಲಿ ಅಳೆದ ಫಲವನ್ನು ನಮ್ಮ ಅಮ್ಮಂದಿರಿಗೂ ಹಾಗೆಯೇ ಭರವಸೆ ಕೊಡುವುದು ತಪ್ಪು. ಅವರ ರಕ್ತನಾಳಕ್ಕೆ ಏನು ಒಗ್ಗುತ್ತದೆಂದು ಅವರನ್ನೇ ಪರೀಕ್ಷಿಸಿ ತಿಳಿಯಬೇಕು.