ಬ್ರೆಡ್‌ಬೋರ್ಡಿನ ಮೇಲೊಂದು ಶ್ರುತಿಪೆಟ್ಟಿಗೆ

ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಮೇಲೆ ಶ್ರುತಿಪೆಟ್ಟಿಗೆ ಕಟ್ಟಲು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಡಿ40106 ಎಂದು ಕೇಳಿ. ಹದಿನಾಲ್ಕು ಕಾಲಿನ ಈ ಐಸಿಯೊಳಗೆ ಆರು ಶ್ಮಿಟ್ ಟ್ರಿಗರ್ ಇನ್ವರ್ಟರ್‌ಗಳಿವೆ: ಇನ್‌ಪುಟ್ ಒಂದು ಗಡಿ ಮೀರಿ ಏರಿದರೆ ಔಟ್‌ಪುಟ್ ಇಳಿಸುವ, ಇನ್ನೊಂದು ಗಡಿಗಿಂತ ಇಳಿದರೆ ಏರಿಸುವ ಸರ್ಕ್ಯೂಟುಗಳು. ತಂಬೂರಿಯಂತೆ ಪ-ಸ-ಸ ನುಡಿಸಲು ಮೂರು ಸಾಕು.

ಮೊದಲ ಇನ್ವರ್ಟರಿನ 2ನೇ ಕಾಲಿನಿಂದ 1ನೇ ಕಾಲಿಗೆ ರೆಸಿಸ್ಟರ್, 1ನೇ ಕಾಲಿನಿಂದ ಗ್ರೌಂಡಿಗೆ (ಬ್ಯಾಟರಿಯ ಋಣ ತುದಿಗೆ) ಕೆಪಾಸಿಟರ್. ಕೆಪಾಸಿಟರ್ ತುಂಬುತ್ತಾ ಮೇಲಿನ ಗಡಿ ಮುಟ್ಟಿದೊಡನೆ ಔಟ್‌ಪುಟ್ ಸೊನ್ನೆಗೆ ಬೀಳುತ್ತದೆ. ಬರಿದಾಗುತ್ತಾ ಕೆಳಗಿನ ಗಡಿಗೆ ಬಂದರೆ ಮತ್ತೆ ಏಳುತ್ತದೆ. ಈ ಏರಿಳಿತವೇ ಸ್ವರ. ಆವರ್ತನ ಸುಮಾರು 1.2/(ಆರ್×ಸಿ). 0.1 ಮೈಕ್ರೋಫ್ಯಾರಡ್‌ ಹಾಕಿದರೆ 131 ಹರ್ಟ್ಜ್‌ನ ಷಡ್ಜಕ್ಕೆ 92 ಕಿಲೋಓಮ್, 196ರ ಪಂಚಮಕ್ಕೆ 61 ಬೇಕು. ಗಡಿಗಳು ಐಸಿಯಿಂದ ಐಸಿಗೆ ಬದಲಾಗುವುದರಿಂದ 22 ಕಿಲೋಓಮ್‌ ಜೊತೆ ಸರಣಿಯಲ್ಲಿ 100 ಕಿಲೋಓಮ್ ಟ್ರಿಮ್‌ಪಾಟ್ (ಸ್ಕ್ರೂ ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ. 25 ಸುತ್ತಿನದೇ ಇರಲಿ: ಸಾಮಾನ್ಯ ಪಾಟ್ ಒಂದು ಡಿಗ್ರಿ ತಿರುಗಿದರೂ ಷಡ್ಜ ಅರ್ಧ ಹರ್ಟ್ಜ್ ಜಾರುತ್ತದೆ. (ಕೆಪಾಸಿಟರ್, ಟ್ರಿಮ್‌ಪಾಟ್ ಎರಡರ ಮೇಲೂ ‘104’ ಎಂದೇ ಇರುತ್ತದೆ, ಗಾಬರಿ ಬೇಡ.) ಕೆಪಾಸಿಟರ್ ಪಾಲಿಯೆಸ್ಟರಿನದಾಗಲಿ. ಅಗ್ಗದ ಸೆರಾಮಿಕ್ ಆದರೆ ಕೋಣೆ ಬಿಸಿಯಾದಂತೆ ಶ್ರುತಿ ಕದಲುತ್ತದೆ.

ಇದನ್ನೇ 3-4, 5-6ನೇ ಕಾಲುಗಳಲ್ಲೂ ಕಟ್ಟಿ. 7 ಗ್ರೌಂಡ್, 14ಕ್ಕೆ 5 ವೋಲ್ಟ್. ಬಳಸದ 9, 11, 13ನ್ನು ಗ್ರೌಂಡಿಗೆ ಸೇರಿಸದಿದ್ದರೆ ಅವು ತೇಲಾಡುತ್ತಾ ಗೊರಗುಟ್ಟುತ್ತವೆ. 9 ವೋಲ್ಟ್ ಬ್ಯಾಟರಿಯನ್ನು ನೇರ ಕೊಡಬೇಡಿ, ನಡುವೆ ಸ್ಥಿರ 5 ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಇರಲಿ; ಇಲ್ಲವಾದರೆ ಬ್ಯಾಟರಿ ಇಳಿದಂತೆ ಶ್ರುತಿಯೂ ಅಲುಗುತ್ತದೆ.

ಮೂರೂ ಔಟ್‌ಪುಟ್‌ಗಳನ್ನು ತಲಾ 10 ಕಿಲೋಓಮ್ ಮೂಲಕ ಒಂದೆಡೆ ಕೂಡಿಸಿ. ಅಲ್ಲಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಹಾಕಿದರೆ ಚೌಕ ಅಲೆಯ ಕರ್ಕಶ ಮೊನಚು ತಗ್ಗುತ್ತದೆ. ಮುಂದೆ ಸರಣಿಯಲ್ಲಿ 1 ಮೈಕ್ರೋಫ್ಯಾರಡ್, 47 ಕಿಲೋಓಮ್, 10 ಕಿಲೋಓಮ್ ವಾಲ್ಯೂಮ್ ಪಾಟ್; ಪಾಟಿನ ಇನ್ನೊಂದು ತುದಿ ಗ್ರೌಂಡಿಗೆ. ಅದರ ನಡುಕಾಲಿನಿಂದ ಆಂಪ್ಲಿಫೈಯರ್ ಇರುವ ಸ್ಪೀಕರಿಗೆ.

ಶ್ರುತಿ ಸೇರಿಸುವಾಗ ಪಂಚಮದ 10 ಕಿಲೋಓಮ್ ಕಿತ್ತಿಟ್ಟು, ಎರಡು ಷಡ್ಜಗಳನ್ನಷ್ಟೇ ಕೇಳಿ. ಎರಡು ಹರ್ಟ್ಜ್ ವ್ಯತ್ಯಾಸವಿದ್ದರೆ ಸದ್ದು ಸೆಕೆಂಡಿಗೆ ಎರಡು ಸಲ ‘ವಾಂವ್ ವಾಂವ್’ ಎಂದು ಉಬ್ಬಿ ತಗ್ಗುತ್ತದೆ. ಸ್ಕ್ರೂ ತಿರುಗಿಸಿದಂತೆ ಅದು ನಿಧಾನವಾಗಿ, ಇನ್ನೇನು ಸೇರಿತು ಎನ್ನುವಾಗ ಫಕ್ಕನೆ ನಿಂತುಬಿಡಬಹುದು. ಅದು ನಿಮ್ಮ ಕೈಚಳಕವಲ್ಲ. ಒಂದೇ ವಿದ್ಯುತ್ ತಂತಿಯ ಸಣ್ಣ ಜಗ್ಗಾಟದಿಂದ ಒಂದು ಆಸಿಲೇಟರ್ ಇನ್ನೊಂದನ್ನು ಹಿಡಿದುಕೊಂಡಿರುತ್ತದೆ. ಐಸಿಯ 7-14ರ ನಡುವೆ, ಅದರ ಮೈಗಂಟಿದಂತೆ, 0.1 ಮೈಕ್ರೋಫ್ಯಾರಡ್ ಹಾಕಿದರೆ ಈ ಹಿಡಿತ ಸಡಿಲವಾಗುತ್ತದೆ. ಆಮೇಲೆ ಬೇಕೆಂದೇ ಅರ್ಧ ಹರ್ಟ್ಜ್ ತಪ್ಪಿಸಿಡಿ: ಎರಡು ಸೆಕೆಂಡಿಗೊಮ್ಮೆ ಸುಳಿಯುವ ಆ ಅಲೆಯೇ ಚೆನ್ನ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ನೂಲು ಸಿಕ್ಕಿಸಿದ ತಂಬೂರಿಯ ಝೇಂಕಾರ ಮಾತ್ರ ಇದರಲ್ಲಿ ಬಾರದು.