ಇಂಡಕ್ಷನ್: ನೋವು ಬರಿಸುವ ಹೆರಿಗೆ

ತುಂಬು ಬಸುರಿಗೆ ಹೆರಿಗೆ ನೋವು ತಾನಾಗಿ ಶುರುವಾಗುವ ಮೊದಲೇ ಔಷಧದಿಂದಲೋ ಬೇರೆ ಉಪಾಯದಿಂದಲೋ ಅದನ್ನು ಶುರು ಮಾಡಿಸುವುದಕ್ಕೆ ಇಂಡಕ್ಷನ್ ಎನ್ನುತ್ತಾರೆ. ಬಾಯಿಮಾತಿನಲ್ಲಿ ‘ನೋವು ಬರಿಸೋದು’. ಆಗಲೇ ಬಂದಿರುವ ನೋವು ಸಾಲದೆಂದು ಡ್ರಿಪ್ ಹಾಕಿ ಚುರುಕು ಮಾಡುವುದು ಬೇರೆ. ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ವಾರ್ಡುಗಳಲ್ಲಿ ಎರಡಕ್ಕೂ ‘ನೋವಿನ ಡ್ರಿಪ್’ ಎಂದೇ ಹೇಳಿಬಿಡುವುದರಿಂದ, ಪಕ್ಕದ ಮನೆಯವಳಿಗೆ ಆದದ್ದೇ ತನಗೂ ಆಗುತ್ತದೆ ಎಂದು ಚೊಚ್ಚಲ ಬಸುರಿ ಹೆದರಿಕೊಂಡಿರುತ್ತಾಳೆ.

‘ಡೇಟ್ ಮೀರೈತೆ, ನಾಳೆ ಅಡ್ಮಿಟ್ ಆಗು ಅಂತ ಹೇಳವ್ರೆ’ ಎಂಬ ಮಾತು ಮನೆಗೆ ಬಂದಾಗ ಮೊದಲು ನೋಡಬೇಕಾದ್ದು ಆ ಡೇಟನ್ನೇ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿ ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನ ಬರೆಯುತ್ತಾರೆ. ಆದರೆ ಆ ಮೊದಲ ದಿನ ಎಷ್ಟೋ ಹೆಂಗಸರಿಗೆ ‘ಯುಗಾದಿ ಆಗಿ ನಾಲ್ಕೈದು ದಿನಕ್ಕೆ’ ಎಂಬ ಅಂದಾಜಿನಲ್ಲಷ್ಟೇ ನೆನಪಿರುತ್ತದೆ. ಮುಟ್ಟು ಹಿಂದುಮುಂದಾಗುವವರಿಗಂತೂ ಈ ಲೆಕ್ಕ ಕೂಡುವುದೇ ಇಲ್ಲ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಸುಮಾರು ಒಂದು ವಾರದ ಆಚೀಚೆಯಲ್ಲಿ ದಿನ ಹೇಳುತ್ತದೆ. ಒಂಬತ್ತನೇ ತಿಂಗಳ ಸ್ಕ್ಯಾನ್ ಮೂರು ವಾರದವರೆಗೂ ತಪ್ಪಬಹುದು. ಹಾಗಾಗಿ ಫೈಲಿನಲ್ಲಿರುವ ಆ ಹಳೆಯ ರಿಪೋರ್ಟ್ ಅಡ್ಮಿಟ್ ಆಗುವ ದಿನ ಎಲ್ಲಕ್ಕಿಂತ ಮುಖ್ಯವಾದ ಕಾಗದ. ಅದನ್ನು ತವರಿನಲ್ಲೋ ಗಂಡನ ಮನೆಯಲ್ಲೋ ಬಿಟ್ಟು ಬರುವುದೇ ಹೆಚ್ಚು.

ಇಂಡಕ್ಷನ್‌ಗೆ ಗಟ್ಟಿ ಕಾರಣಗಳಿವೆ. ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ 37 ವಾರ ತುಂಬಿದ ಮೇಲೆ ಕಾಯುವುದರಲ್ಲಿ ಲಾಭವಿಲ್ಲ. ನೀರು ಹೋಗಿ ನೋವು ಬಾರದಿದ್ದರೆ, ಸಕ್ಕರೆ ಹತೋಟಿಗೆ ಸಿಗದಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಕೂಡ ಹೀಗೆಯೇ. ಯಾವ ತೊಂದರೆಯೂ ಇಲ್ಲದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗೆರೆ 41 ವಾರ. ಸ್ವೀಡನ್ನಿನಲ್ಲಿ 2,760 ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು: 42 ವಾರದವರೆಗೆ ಕಾದ ಗುಂಪಿನಲ್ಲಿ ಆರು ಶಿಶುಗಳು ತೀರಿಕೊಂಡವು, 41ಕ್ಕೆ ನೋವು ಬರಿಸಿದ ಗುಂಪಿನಲ್ಲಿ ಒಂದೂ ಇಲ್ಲ. ಅಪಾಯ ಒಟ್ಟಿನಲ್ಲಿ ಚಿಕ್ಕದೇ, ಆದರೆ ಇಲ್ಲದ್ದಲ್ಲ. ಇನ್ನು ‘ಮಗು ದಪ್ಪ ಇದೆ’ ಎಂಬುದೊಂದೇ ಕಾರಣವಾದರೆ, ಸ್ಕ್ಯಾನಿನ ತೂಕ ನೂರಕ್ಕೆ ಹತ್ತು ಹದಿನೈದರಷ್ಟು ತಪ್ಪುವುದು ಮಾಮೂಲು ಎಂಬುದನ್ನು ನೆನಪಿಡಿ. ನಕ್ಷತ್ರ ನೋಡಿ 38ನೇ ವಾರಕ್ಕೇ ನೋವು ಬರಿಸಿ ಎಂದು ದುಂಬಾಲು ಬೀಳುವ ಮನೆಯವರಿಗೂ ಒಂದು ಮಾತು: 39 ತುಂಬದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು.

ಕಾರಣ ಖಚಿತವಾದ ಮೇಲೆ ಡಾಕ್ಟರು ಒಳಪರೀಕ್ಷೆ ಮಾಡಿ ಗರ್ಭಕೊರಳು (ಗರ್ಭಕೋಶದ ಬಾಯಿ) ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ಅಂಕ ಹಾಕುತ್ತಾರೆ. ಇದು 1964ರಿಂದ ಬಳಕೆಯಲ್ಲಿರುವ ಬಿಷಪ್ ಸ್ಕೋರ್. ಎಂಟರ ಮೇಲಿದ್ದರೆ ದಾರಿ ಸಲೀಸು. ಆರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೊದಲು ಕೊರಳನ್ನು ಹದ ಮಾಡಬೇಕು. ಅದಕ್ಕೇ ಜೆಲ್, 25 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ, ಅಥವಾ ತುದಿಯಲ್ಲಿ ನೀರು ತುಂಬಿದ ಬಲೂನಿರುವ ಕೊಳವೆ, ಅಂದರೆ ಫೋಲಿ ಕ್ಯಾಥೆಟರ್. ಹಿಂದೆ ಸಿಸೇರಿಯನ್ ಆದವರಿಗೆ ಮಿಸೊಪ್ರೊಸ್ಟಾಲ್ ಕೊಡಬಾರದು, ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಭಯವಿದೆ. ಈ ಸಂಗತಿ ಕೇಳುವ ಮೊದಲೇ ಹೇಳಿಬಿಡಿ.

ಡ್ರಿಪ್ಪಿನಲ್ಲಿರುವುದು ಆಕ್ಸಿಟೋಸಿನ್. ಹಾಲಿನ ಡೇರಿಯ ಕೋಲಾರ ಜಿಲ್ಲೆಗೆ ಆ ಹೆಸರು ಹೊಸದಲ್ಲ. ಹಸು ಹಾಲು ಇಳಿಸಲಿ ಎಂದು ಕದ್ದು ಚುಚ್ಚುತ್ತಿದ್ದ ಮದ್ದೂ ಇದೇ. ಆ ದುರುಪಯೋಗ ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ಇದರ ತಯಾರಿಕೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಂಪನಿಯೊಂದಕ್ಕೇ ಬಿಡಲು ಹೊರಟಿತ್ತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸುವ ಔಷಧಕ್ಕೇ ಕೊರತೆಯಾದೀತೆಂಬ ವಾದ ಎದ್ದು, ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನೋವು ಬರಿಸಲು ಇದನ್ನು ಹನಿಹನಿಯಾಗಿ ಅಳೆದು ನರಕ್ಕೇ ಕೊಡಬೇಕು. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಸಲ ನೋವು ಬಂದರೆ ಮಗುವಿಗೆ ಉಸಿರು ಕಟ್ಟಬಹುದು. ಡ್ರಿಪ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಪ್ರಭಾವ ಇಳಿಯುತ್ತದೆ. ಹೆರಿಗೆಗೆ ಮುಂಚೆ ಮನೆಯಲ್ಲೋ ಕ್ಲಿನಿಕ್ಕಿನಲ್ಲೋ ತೊಡೆಗೋ ಸೊಂಟಕ್ಕೋ ಚುಚ್ಚಿದ ಆಕ್ಸಿಟೋಸಿನ್ನನ್ನು ಹಾಗೆ ವಾಪಸ್ ತೆಗೆಯಲಾಗದು. ‘ನೋವಿನ ಸೂಜಿ’ ಚುಚ್ಚಲು ಯಾರಾದರೂ ಬಂದರೆ ಬೇಡವೆನ್ನಿ. ನೋವು ಬರಲೆಂದು ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ಸುಸ್ತಾಗುವುದಂತೂ ಇದ್ದೇ ಇದೆ. ಜೀರಿಗೆ ಕಷಾಯಕ್ಕೆ ನನ್ನ ತಕರಾರಿಲ್ಲ.

ಬೆಳಿಗ್ಗೆ ಜೆಲ್ ಇಟ್ಟರೆ ಸಂಜೆಗೆ ಮಗು ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಚೊಚ್ಚಲಿಗೆ ಮೊದಲ ಹಂತವೇ ಒಂದು ದಿನ ದಾಟಬಹುದು. ನೀರು ಒಡೆದು ಡ್ರಿಪ್ ಹಾಕಿ ಕನಿಷ್ಠ 12ರಿಂದ 18 ಗಂಟೆ ನೋಡದೆ ‘ಇಂಡಕ್ಷನ್ ಫೇಲ್’ ಎನ್ನಬಾರದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ತಾಯಿ ಮಗು ಚೆನ್ನಾಗಿದ್ದಾಗಿನ ಮಾತಿದು. ನೋವು ಬರಿಸಿದರೆ ಸಿಸೇರಿಯನ್ನೇ ಗತಿ ಎಂಬ ನಂಬಿಕೆಗೆ ಆಧಾರ ಕಡಿಮೆ: 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರ ಅಧ್ಯಯನದಲ್ಲಿ 39ನೇ ವಾರಕ್ಕೆ ಇಂಡಕ್ಷನ್ ಆದವರಲ್ಲಿ ಶೇ 18.6, ಕಾದವರಲ್ಲಿ ಶೇ 22.2 ಸಿಸೇರಿಯನ್ ಆಯಿತು. ಆದರೆ ಆ ಆಸ್ಪತ್ರೆಗಳಲ್ಲಿ ಸಿಕ್ಕ ನಿಗಾ ನಮ್ಮ ಎಲ್ಲ ಕಡೆಯೂ ಸಿಗುತ್ತದೆಂದು ಹೇಳಲು ನನಗೆ ಧೈರ್ಯವಿಲ್ಲ.

ಒಪ್ಪಿಗೆ ಪತ್ರಕ್ಕೆ ಗಂಡನೋ ಅತ್ತೆಯೋ ಸಹಿ ಹಾಕುವುದು ರೂಢಿ. ಪ್ರಜ್ಞೆಯಿರುವ ವಯಸ್ಕ ರೋಗಿಯ ಬದಲು ಆಕೆಯ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಜೀವಕ್ಕೆ ಅಪಾಯವಿರುವ ತುರ್ತು ಮಾತ್ರ ಬೇರೆ. ಚಿಕಿತ್ಸೆ ಯಾಕೆ, ಬೇರೆ ದಾರಿ ಏನು, ಅಪಾಯವೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ಆಕೆಗೇ ತಿಳಿಸಬೇಕೆಂದೂ ಅದೇ ತೀರ್ಪು ವಿಧಿಸಿತು. ಇದನ್ನೆಲ್ಲ ಕೇಳಲು ನೋವಿನ ಮಂಚ ತಕ್ಕ ಜಾಗವಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. 36ನೇ ವಾರದ ಆಸುಪಾಸಿನಲ್ಲಿ ಹೋದಾಗ ಕೇಳಿ.

ಕಾಯುತ್ತೇನೆಂದು ತೀರ್ಮಾನಿಸುವ ಹಕ್ಕೂ ಆಕೆಗಿದೆ. ಹಾಗಾದರೆ ಡಾಕ್ಟರು ಹೇಳಿದಷ್ಟು ಸಲ ಮಗುವಿನ ಎದೆಬಡಿತ ಮತ್ತು ನೀರಿನ ಪ್ರಮಾಣ ನೋಡಿಸಬೇಕು. ಮಗುವಿನ ಒದೆತ ಕಡಿಮೆಯಾದರೆ, ಹಸಿರು ನೀರು ಹೋದರೆ, ರಕ್ತ ಕಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಬೆಳಗಾಗಲಿ ಎನ್ನದೆ 108ಕ್ಕೆ ಫೋನ್ ಮಾಡಿ.